ಐದರಲ್ಲಿ ಎಷ್ಟು

ಖಾತುನಾ, ನೀನು ಕೊಟ್ಟ ಕಾಗದ ಮೇಜಿನ ಮೇಲಿದೆ.
ಕಳೆದ ವಾರ ನಿಮ್ಮವರಿಗೆ ಅಂಗಿ ತೊಡುವುದು
ಎಷ್ಟು ಕಷ್ಟವಾಯಿತು?
ಒಂದರಿಂದ ಐದರೊಳಗೆ ಸುತ್ತು ಹಾಕಿ.

ಯಾವ ಅಂಗಿ, ಮಗಳೇ?
ಗುಂಡಿಯದೋ, ತಲೆಯಿಂದ ತೂರಿಸುವುದೋ?
ಮೊದಲು ಸೋತ ಕೈ, ಆಮೇಲೆ ಗಟ್ಟಿ ಕೈ,
ಈ ಪಾಠ ನೀನೇ ಹೇಳಿಕೊಟ್ಟದ್ದು.
ಸೋತ ಕೈಯ ಭುಜ ಗೂಡಿನಿಂದ ಜಾರಿ
ಒಂದು ಬೆರಳು ಇಳಿಯುವಷ್ಟು ಹಳ್ಳ ಬಿದ್ದಿದೆ.
ಬಂದ ನೆಂಟರು ಅದೇ ಕೈ ಹಿಡಿದು
ಎಬ್ಬಿಸಲು ನೋಡುತ್ತಾರೆ, ಪ್ರೀತಿಯಿಂದಲೇ.
ನಾನು ನಡುವೆ ನಿಂತು ಗುರ್ ಎನ್ನುತ್ತೇನೆ.
ಮೂರಕ್ಕೆ ಸುತ್ತು ಹಾಕಿದೆ.

ಮೂವತ್ತೆಂಟು ವರ್ಷ ಟಿಬಿಲಿಸಿಯ ಲಿಫ್ಟು ರಿಪೇರಿ ಮಾಡಿದವನು ಜೆಮಾಲ್.
ಗ್ಲದಾನಿಯ ಈ ಕಾಂಕ್ರೀಟು ಪೆಟ್ಟಿಗೆಗಳಲ್ಲಿ
ಯಾವ ಹಗ್ಗ ಯಾವಾಗ ನರಳೀತೆಂದು
ಹಾಸಿಗೆಯಲ್ಲೇ ಮಲಗಿ ಹೇಳುತ್ತಿದ್ದ.
ತನ್ನ ಕುತ್ತಿಗೆಯೊಳಗಿನ ಹಗ್ಗ ಮಾತ್ರ
ಸದ್ದೇ ಮಾಡಲಿಲ್ಲ.

ನಿದ್ದೆಯ ಬಗ್ಗೆ ಕೇಳಿದ್ದೀಯ.
ಹಗಲಲ್ಲಿ ಗಡ್ಡ ಕೆರೆಸಿಕೊಂಡರೆ ಸಾಕು, ಮೂರು ಗಂಟೆ ಗೊರಕೆ.
ರಾತ್ರಿ ಬಲಮಗ್ಗುಲಿಗೆ ಹೊದಿಕೆ ತಾಗಿದರೆ ಕೆಂಡ.
ಮುಟ್ಟಿದರೆ ಗೊತ್ತಾಗದ ಕಾಲು
ಮುಟ್ಟದೆಯೇ ಉರಿಯುವುದು ಹೇಗೆ?
ಇದನ್ನು ನೀನು ಕೇಳಿಲ್ಲ, ನಾನು ಕೇಳುತ್ತಿದ್ದೇನೆ.

ಮಾತು: ಒಂದು ಶಬ್ದ ಉಳಿದಿದೆ.
ಖ್ವಾಲ್. ನಾಳೆ.
ನೀರು ಬೇಕೇ? ನಾಳೆ.
ನೋವೇ? ನಾಳೆ.
ಉಚ್ಚೆ ಬಂತೇ? ನಾಳೆ, ನಾಳೆ!
ಅಷ್ಟರಲ್ಲಿ ಇವತ್ತೇ ಆಗಿರುತ್ತದೆ.
ದನಿ ಏರಿತೋ ಇಳಿಯಿತೋ ನೋಡಿ ತಿಳಿಯಬೇಕು,
ಕೂಸಿನ ಅಳು ತಿಳಿದ ಹಾಗೆ.

ಇವನು ನಮ್ಮ ಬೀದಿಯ ತಮಾದಾ ಆಗಿದ್ದವನು,
ಔತಣದ ಮೇಜಿನ ತುದಿಯಲ್ಲಿ ಬಟ್ಟಲೆತ್ತಿ
ಸತ್ತವರಿಗೆ, ಹುಟ್ಟಲಿರುವವರಿಗೆ,
ಜಗಳವಾಡಿ ಬಾರದೆ ಉಳಿದವರಿಗೂ ಹಾರೈಸುತ್ತ
ಬಡಿಸಿದ ಮಾಂಸ ತಣ್ಣಗಾಗುವ ತನಕ ಮಾತಾಡುತ್ತಿದ್ದವನು.
ಮೊನ್ನೆ ಮೊಮ್ಮಗ ಗಿಗಾನ ಹುಟ್ಟುಹಬ್ಬ.
ತೆಳು ನೀರು ದಾರಿ ತಪ್ಪಿ ಶ್ವಾಸಕ್ಕಿಳಿಯುತ್ತದೆಂದು
ನೀರಿಗೆ ಪುಡಿ ಬೆರೆಸಿ ಗಂಜಿ ಮಾಡುತ್ತೇನಲ್ಲ,
ಅದೇ ಪುಡಿಯನ್ನು ವೈನಿಗೂ ಹಾಕಿದೆ. ಡಾಕ್ಟರಿಗೆ ಹೇಳಬೇಡ.
ಚಮಚದಲ್ಲಿ ಕೆಂಪಗೆ ನಡುಗುತ್ತ ನಿಂತಿತು.
ಅವನೂ ಮೇಜು ಹಿಡಿದು ನಿಂತ.
ಎಲ್ಲರೂ ಸುಮ್ಮನಾದರು, ಹಳೆಯ ಅಭ್ಯಾಸ.
"ಖ್ವಾಲ್" ಎಂದ.
ಆಮೇಲೆ ಆ ನಗು ಬಂತು, ಗುಂಡಿಯೇ ಇಲ್ಲದ ನಗು,
ಅರ್ಧಕ್ಕೇ ಅಳುವಾಗಿ ತಿರುಗುವಂಥದು.
ಹಾರೈಕೆ ಮುಗಿಯಿತೋ ಇಲ್ಲವೋ ತಿಳಿಯದೆ
ಪಕ್ಕದ ಮನೆಯ ವಾಲಿಕೋ ಗ್ಲಾಸು ಹಿಡಿದೇ ನಿಂತಿದ್ದ ಪಾಪ,
ಕೈ ನೋಯುವ ತನಕ.

ಹದಿನಾಲ್ಕನೆಯ ಪ್ರಶ್ನೆ:
ನೀವು ಮನೆಯವರಿಗೆ ಹೊರೆ ಎಂದು ಅನಿಸುತ್ತದೆಯೇ?
ಓದಿ ಹೇಳಿದೆ. ಅವನು ಕಿಟಕಿ ನೋಡಿದ.
ನಾನೂ ಕಿಟಕಿ ನೋಡಿದೆ.
ಅದಕ್ಕೆ ಸುತ್ತು ಹಾಕಿಲ್ಲ.

ಇನ್ನು ಕೈ.
ನಮ್ಮ ಲಿಫ್ಟು ಮೇಲೇರಲು ಹತ್ತು ತೇತ್ರಿಯ ನಾಣ್ಯ ಬೇಡುತ್ತದೆ.
ಆ ನಾಣ್ಯ ಅವನ ಬಲಮುಷ್ಟಿಯಲ್ಲೇ ಇರಬೇಕು, ಹಟ.
ಮುಷ್ಟಿ ಹಿಡಿದದ್ದನ್ನು ಬಿಡುವುದಿಲ್ಲ.
ಬೆರಳೆಳೆದರೆ ಇನ್ನೂ ಬಿಗಿ.
ಮಣಿಕಟ್ಟನ್ನು ಮೆಲ್ಲಗೆ ಒಳಗೆ ಬಾಗಿಸಬೇಕು,
ಆಗ ಒಂದೊಂದೇ ಬೆರಳು ಮನಸ್ಸು ಬದಲಾಯಿಸುತ್ತದೆ.
ಹಿಂದೆ ಚೀಲ ಹೊತ್ತವರ ಸಾಲು, ಯಾರೂ ಗೊಣಗುವುದಿಲ್ಲ.
ನಾಣ್ಯ ಬಿಸಿಯಾಗಿ, ಬೆವರು ನಾತದೊಂದಿಗೆ ಬೀಳುತ್ತದೆ.

ಸೋಮವಾರ ಹಾಗೇ ಹತ್ತಿದೆವು.
ಐದನೆಯ ಮಹಡಿ ದಾಟುವಾಗ ಅವನು ಕತ್ತು ವಾಲಿಸಿ
ಎಡಗೈ ಬೆರಳನ್ನು ಮೇಲಕ್ಕೆ ತೋರಿಸಿದ.
"ಖ್ವಾಲ್" ಎಂದ, ದನಿ ಏರಿಸದೆ, ಇಳಿಸದೆ.
ಆಯಿತು ಮಾರಾಯ, ಮನೆಗೆ ಹೋಗೋಣ ಎಂದೆ.

ಮಂಗಳವಾರ ಬೆಳಿಗ್ಗೆ ಲಿಫ್ಟು ಕೆಟ್ಟಿತು.
ನಾವಿರುವುದು ಎಂಟನೆಯ ಮಹಡಿ.
ವ್ಯಾಯಾಮಕ್ಕೆ ಬರಲಾಗಲಿಲ್ಲ, ಖಾತುನಾ.
ಕಾಗದ ತಡವಾದದ್ದೂ ಅದಕ್ಕೇ.